ಬಿಡುವುದಾದರೆ ಹಿಡಿದದ್ದು ಯಾಕೆ?

ಅಮೆರಿಕದ ಮ್ಯಾಸಚೂಸೆಟ್ಸಿನ ಕೇಪ್ ಕಾಡ್ ಕಾಲುವೆಯಲ್ಲಿ ಸುಮಾರು ಆರು ಗಂಟೆಗೊಮ್ಮೆ ನೀರು ದಿಕ್ಕು ಬದಲಿಸುತ್ತದೆ. ಆ ತಿರುವೂ ಸೂರ್ಯೋದಯವೂ ಕೂಡಿ ಬರುವ ಜೂನ್ ತಿಂಗಳ ದಿನಗಳನ್ನು ಗಾಳ ಹಾಕಲೆಂದು ನಾನು ಮೊದಲೇ ಗುರುತು ಹಾಕಿಕೊಳ್ಳುತ್ತೇನೆ. ಬಾಸ್ಟನ್ನಿನಿಂದ ರಾತ್ರಿ ಮೂರಕ್ಕೇ ಹೊರಡಬೇಕು. ಅಲ್ಲಿ ತಲುಪುವಾಗ ಗಾಳದ ಕೋಲನ್ನು ಸೈಕಲ್ಲಿಗೆ ಕಟ್ಟಿಕೊಂಡವರು ಕತ್ತಲಲ್ಲಿ ದಡದ ರಸ್ತೆಯುದ್ದಕ್ಕೂ ಸಾಗುತ್ತಿರುತ್ತಾರೆ.

ನನ್ನ ಡಬ್ಬಿಯಲ್ಲಿರುವುದು ಹೆಚ್ಚಾಗಿ ಪೆನ್ಸಿಲ್ ಪಾಪರ್‌ಗಳು. ಮೀನನ್ನು ಸೆಳೆಯಲು ಗಾಳಕ್ಕೆ ಕಟ್ಟುವ ಗೇಣುದ್ದದ ಮರದ ಮೀನು ಅದು, ಬಾಲದ ಕಡೆ ಭಾರ. ಕೋಲಿನ ತುದಿಯನ್ನು ನಡುಗಿಸುತ್ತ ರೀಲ್ ಸುತ್ತಿದರೆ ನೀರಿನ ಮೇಲೆ ತಲೆಯನ್ನು ಅತ್ತಿತ್ತ ಹೊಡೆಯುತ್ತ, ಗಾಯಗೊಂಡ ಬಂಗುಡೆಯ ಹಾಗೆ ಒದ್ದಾಡುತ್ತ ಬರುತ್ತದೆ. ಇದ್ದಕ್ಕಿದ್ದಂತೆ ಅದರ ಹಿಂದೆ ನೀರು ಉಬ್ಬಿ ಒಡೆಯುತ್ತದೆ. ಕಣ್ಣು ಕಂಡ ಕೂಡಲೇ ಕೈ ಎಳೆದರೆ ಬರಿಯ ಪಾಪರ್ ಹಾರಿ ಬರುತ್ತದೆ. ಮೀನಿನ ಭಾರ ಕೈಗೆ ತಗಲುವವರೆಗೆ ತಡೆಯಬೇಕು. ಅಷ್ಟು ತಾಳ್ಮೆ ಕಲಿಯಲು ನನಗೆ ಎರಡು ಬೇಸಿಗೆ ಹಿಡಿಯಿತು. ಮೀನು ಮೇಲಕ್ಕೆ ಬಾರದ ದಿನ ಒಂದೆರಡು ಅಡಿ ಆಳದಲ್ಲಷ್ಟೇ ಓಡುವ ಮಿನ್ನೋ ಎಂಬ ಇನ್ನೊಂದು ಹುಸಿ ಮೀನನ್ನು ಕಟ್ಟುತ್ತೇನೆ.

ಹೀಗೆ ಸಿಗುವುದು ಸ್ಟ್ರೈಪ್ಡ್ ಬಾಸ್, ಬೆಳ್ಳಿಯ ಮೈಮೇಲೆ ಕಪ್ಪು ಗೆರೆಗಳ ಮೀನು. ದಿನಕ್ಕೆ ಒಂದನ್ನು ಮಾತ್ರ ಮನೆಗೆ ಒಯ್ಯಬಹುದು, ಅದೂ 28 ಇಂಚಿಗೆ ಕಡಿಮೆಯಿರಬಾರದು, 31 ಇಂಚು ಮುಟ್ಟಿರಬಾರದು. 2023ರವರೆಗೆ ಮೇಲಿನ ಮಿತಿ 35 ಇಂಚು ಇತ್ತು. ಒಮ್ಮೆ ನನಗೆ ಸಿಕ್ಕಿದ್ದು 33 ಇಂಚಿನದು. ಕೈ ಒದ್ದೆ ಮಾಡಿಕೊಂಡು ಹಿಡಿದು, ಅದರ ಮುಖವನ್ನು ಹರಿವಿಗೆ ಎದುರಾಗಿ ನಿಲ್ಲಿಸಿದೆ. ಕಿವಿರು ಎರಡು ಮೂರು ಸಲ ತೆರೆದು ಮುಚ್ಚಿತು. ಆಮೇಲೆ ಬಾಲ ಬಲವಾಗಿ ಬೀಸಿ ಹೋಯಿತು.

ಉಡುಪಿ ಜಿಲ್ಲೆಯ ಗಂಗೊಳ್ಳಿಯಲ್ಲಿ ಮಾವನಿಗೆ ಇದನ್ನು ಹೇಳಿದಾಗ ಅವರು ಕೇಳಿದರು: “ಬಿಡುವುದಾದರೆ ಹಿಡಿದದ್ದು ಯಾಕೆ?” ಅವರು ಅಳಿವೆಯ ದಡದಲ್ಲಿ ಸಿಗಡಿ ಚುಚ್ಚಿ ಗಾಳ ಹಾಕುವವರು. ಗಾಳ ಹಾಕುವುದು ಅಂದಿನ ಸಾರಿಗಾಗಿ. ಸಾರಿಗಾದಷ್ಟು ಸಿಕ್ಕಿತೆಂದರೆ ಗಾಳ ಸುತ್ತಿ ಮನೆಗೆ. ತಿನ್ನುವ ಜೀವವನ್ನು ಆಟಕ್ಕೆ ಎಳೆದಾಡಬಾರದು ಎಂಬುದು ಅವರ ಮಾತು.

ಆ ಪ್ರಶ್ನೆಯನ್ನು ಹಳ್ಳಿಯವರ ಅಜ್ಞಾನವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಅಮೆರಿಕದ ಅಟ್ಲಾಂಟಿಕ್ ಕರಾವಳಿ ರಾಜ್ಯಗಳ ಮೀನುಗಾರಿಕಾ ಆಯೋಗವೇ, ಗಾಳದಿಂದ ಬಿಡಿಸಿ ಬಿಟ್ಟ ನೂರು ಸ್ಟ್ರೈಪ್ಡ್ ಬಾಸ್‌ಗಳಲ್ಲಿ ಒಂಬತ್ತು ಸಾಯುತ್ತವೆ ಎಂದು ಲೆಕ್ಕ ಹಿಡಿಯುತ್ತದೆ. ಬೆಳಗಿನಿಂದ ಸಂಜೆಯವರೆಗೆ ಇಪ್ಪತ್ತು ಮೂವತ್ತು ಹಿಡಿದು ಬಿಟ್ಟು, ಒಂದನ್ನೂ ಕೊಲ್ಲಲಿಲ್ಲ ಎಂದು ಹೆಮ್ಮೆಪಡುವವರಿಗೆ ಈ ಲೆಕ್ಕ ಚುಚ್ಚಬೇಕು. ಮಾವ ಹಿಡಿಯುವುದನ್ನೇ ನಿಲ್ಲಿಸುತ್ತಾರೆ. ಇಲ್ಲಿ ನಾವು ಒಯ್ಯುವುದನ್ನಷ್ಟೇ ನಿಲ್ಲಿಸುತ್ತೇವೆ.

ಆದರೆ ಅಳತೆಪಟ್ಟಿಯ ವಿಷಯದಲ್ಲಿ ನಾನು ಈ ಊರಿನ ಪಕ್ಷ. ಈ ಮೀನು ಒಮ್ಮೆ ಮುಗಿದೇ ಹೋಗುವ ಹಂತಕ್ಕೆ ಬಂದಿತ್ತು. ಅದು ಮೊಟ್ಟೆಯಿಡುವ ಚೆಸಪೀಕ್ ಕೊಲ್ಲಿಯ ಮೇರಿಲ್ಯಾಂಡಿನಲ್ಲಿ 1985ರಲ್ಲಿ ಹಿಡಿಯುವುದನ್ನೇ ನಿಷೇಧಿಸಿದರು, 1990ರವರೆಗೆ ಬಿಡಲಿಲ್ಲ. ಮೀನು ಮರಳಿ ಬಂತು. ದೊಡ್ಡ ಹೆಣ್ಣು ಮೀನೊಂದು ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ. ನಾನು ಬಿಟ್ಟ 33 ಇಂಚಿನ ಮೀನಿನ ಬೆಲೆ ಅದರ ಮಾಂಸಕ್ಕಿಂತ ಬಹಳ ಹೆಚ್ಚು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅದು ಒಳ್ಳೆಯದೇ. ಆದರೆ ಅಳಿವೆಯ ಬಂಡೆಗಳ ಮೇಲೆ ಹೊಸ ರೀಲು, ಹೊಸ ಪಾಪರ್ ಹಿಡಿದು ನಿಂತ ಹುಡುಗರಲ್ಲಿ ಒಬ್ಬನ ಕೈಯಲ್ಲೂ ನಾನು ಅಳತೆಪಟ್ಟಿ ಕಾಣಲಿಲ್ಲ. ಎಲ್ಲಕ್ಕಿಂತ ದೊಡ್ಡ ಮುರು (ಗ್ರೂಪರ್) ಮೀನನ್ನು ಎದೆಗವಚಿಕೊಂಡು ಫೋಟೊ ತೆಗೆಸಿಕೊಳ್ಳುವುದೇ ಅವರಿಗೆ ಸಂಭ್ರಮ. ಮುರು ಮೊದಲು ಹೆಣ್ಣಾಗಿ ಬೆಳೆಯುತ್ತದೆ, ದೊಡ್ಡದಾದ ಮೇಲೆ ಅವುಗಳಲ್ಲಿ ಕೆಲವು ಗಂಡಾಗುತ್ತವೆ. ದೊಡ್ಡವನ್ನೇ ಆರಿಸಿ ಹಿಡಿದರೆ ಒಂದು ಬಂಡೆಸಾಲಿನ ಗಂಡುಗಳೆಲ್ಲ ಖಾಲಿಯಾದಾವು. ಹಾಗಾಗಿ ಅಮೆರಿಕದ 28–31ನ್ನು ಅಲ್ಲಿಗೆ ಹೊತ್ತೊಯ್ದರೆ ಪ್ರಯೋಜನವಿಲ್ಲ. ಆಯಾ ಮೀನಿಗೆ ಆಯಾ ಅಳತೆ ಬೇಕು, ಕೆಳಗೂ ಮೇಲೂ.

ಕಳೆದ ಸಲ ಮಾವನಿಗೆಂದು ಒಂದು ಪಾಪರ್ ಒಯ್ದಿದ್ದೆ. ಜಗಲಿಯಲ್ಲಿ ಕುಳಿತು ಹೊರಳಿಸಿ ನೋಡಿದರು. ಹೊಟ್ಟೆಯ ಕೆಳಗೆ ಮೂರು ಮುಳ್ಳಿನ ಒಂದು ಕೊಕ್ಕೆ, ಬಾಲಕ್ಕೆ ಇನ್ನೊಂದು. “ಒಂದು ಬಾಯಿಗೆ ಆರು ಮುಳ್ಳು ಯಾಕೆ?” ಎಂದರು. ಒಳಗಿಂದ ಇಕ್ಕಳ ತಂದು ಹೊಟ್ಟೆಯದನ್ನು ಕಳಚಿದರು. ಬಾಲದ್ದನ್ನೂ ತೆಗೆದು, ತಮ್ಮ ಡಬ್ಬಿಯಿಂದ ಒಂಟಿ ಗಾಳವೊಂದನ್ನು ಹುಡುಕಿ ಸಿಕ್ಕಿಸಿ, ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರು. ಮರುದಿನ ನೀರು ಏರುವ ಹೊತ್ತಿಗೆ ಇಬ್ಬರೂ ಅಳಿವೆಗೆ ಹೋದೆವು.