ಹೊರಡುವ ಮೊದಲಿನ ಇಂಜೆಕ್ಷನ್

ಹೊಂಡುರಾಸ್, ಗ್ವಾಟೆಮಾಲಾ, ಎಲ್ ಸಾಲ್ವಡಾರ್‌ಗಳಿಂದ ಆಶ್ರಯ ಬೇಡಿ ಅಮೆರಿಕದ ಗಡಿಯತ್ತ ಹೊರಟ ಎಷ್ಟೋ ಹೆಣ್ಣುಮಕ್ಕಳು ಬಟ್ಟೆಬರೆ ಕಟ್ಟಿಕೊಳ್ಳುವ ಮೊದಲು ಒಂದು ಇಂಜೆಕ್ಷನ್ ಹಾಕಿಸಿಕೊಂಡಿದ್ದಾರೆ. ಮೂರು ತಿಂಗಳು ಗರ್ಭ ನಿಲ್ಲದಂತೆ ತಡೆಯುವ ಇಂಜೆಕ್ಷನ್. ಜನರ ಬಾಯಲ್ಲಿ ಅದಕ್ಕೆ ‘ಮೆಕ್ಸಿಕೊ ವಿರೋಧಿ ಇಂಜೆಕ್ಷನ್’ ಎಂಬರ್ಥದ ಹೆಸರೇ ಬಿದ್ದಿದೆ. ದಾರಿಯಲ್ಲಿ ಅತ್ಯಾಚಾರ ನಡೆಯಬಹುದು ಎಂದು ಗೊತ್ತಿದ್ದೇ, ನಾವು ಪ್ರಯಾಣಕ್ಕೆ ಜ್ವರದ ಮಾತ್ರೆ ಇಟ್ಟುಕೊಳ್ಳುವ ಹಾಗೆ, ಅದಕ್ಕೂ ತಯಾರಾಗಿ ಹೊರಡುತ್ತಾರೆ. ಇದನ್ನು ತಿಳಿದ ದಿನ ನನಗೆ ಊಟ ಸೇರಲಿಲ್ಲ.

ಆ ಇಂಜೆಕ್ಷನ್ ಗರ್ಭವನ್ನಷ್ಟೇ ತಡೆಯುತ್ತದೆ, ಎಚ್‌ಐವಿಯನ್ನಲ್ಲ. ಎಚ್‌ಐವಿ ತಡೆಯುವ ಮಾತ್ರೆಯನ್ನು ಅತ್ಯಾಚಾರವಾದ 72 ಗಂಟೆಗಳೊಳಗೆ ಶುರು ಮಾಡಬೇಕು. ಇನ್ನೂ ಕೆಳಗಿನ ದಕ್ಷಿಣ ಅಮೆರಿಕದಿಂದ ನೆಲದ ದಾರಿಯಲ್ಲಿ ಹೊರಟವರು ದಾಟಬೇಕಾದ, ಕೊಲಂಬಿಯಾ ಮತ್ತು ಪನಾಮಾ ನಡುವಿನ ಡೇರಿಯನ್ ಕಾಡನ್ನು ನೆನೆಯಿರಿ. ರಸ್ತೆಯೇ ಇಲ್ಲ. ಕೆಸರು, ನದಿ, ಬಂದೂಕು ಹಿಡಿದ ಗುಂಪುಗಳು. ಕಾಲು ಊದಿದವಳು, ಕಂಕುಳಲ್ಲಿ ಮಗುವಿರುವವಳು ಅದನ್ನು ದಾಟಿ ಬರಲು ದಿನಗಳೇ ಬೇಕು. 2023ರಲ್ಲಿ 5 ಲಕ್ಷಕ್ಕೂ ಹೆಚ್ಚು ಜನ ಆ ಕಾಡು ದಾಟಿದರು. ಪನಾಮಾ ಕಡೆಯಲ್ಲಿ ‘ಗಡಿಯಿಲ್ಲದ ವೈದ್ಯರು’ ಸಂಸ್ಥೆ ಆ ವರ್ಷ ಲೈಂಗಿಕ ಹಿಂಸೆಗೆ ಒಳಗಾದ 676 ಮಂದಿಗೆ ಚಿಕಿತ್ಸೆ ನೀಡಿತು. ಬಾಯಿ ಬಿಟ್ಟವರು ಇಷ್ಟು ಮಂದಿ. ಹೇಳಿಕೊಳ್ಳದೆ ಮುಂದಿನ ದೋಣಿ ಹತ್ತಿದವರು ಯಾವ ಲೆಕ್ಕದಲ್ಲೂ ಇಲ್ಲ. 2024ರ ಮಾರ್ಚ್‌ನಲ್ಲಿ ಪನಾಮಾ ಸರ್ಕಾರ ಆ ವೈದ್ಯರ ಕೆಲಸವನ್ನೇ ನಿಲ್ಲಿಸಿತು. ಇದನ್ನು ಕ್ಷಮಿಸಲು ನನ್ನಿಂದಾಗದು.

“ಅಷ್ಟು ಅಪಾಯವಿದ್ದರೆ ಏಕೆ ಹೋಗಬೇಕು?” ಎಂದು ಕೇಳುವವರಿದ್ದಾರೆ. ಮನೆಯಲ್ಲಿ ಕೊಲ್ಲುವ ಗಂಡ, ಬೀದಿಯಲ್ಲಿ ಮಗಳನ್ನು ಕೇಳುವ ಗ್ಯಾಂಗ್. ದೂರು ಕೊಟ್ಟರೆ ಪೊಲೀಸರು ಏಳುವುದಿಲ್ಲ. ಆಶ್ರಯ ಕೇಳಲು ವೀಸಾ ಎಂಬುದು ಇಲ್ಲ. ನಮ್ಮ ನೆಲಕ್ಕೆ ಬಂದು ಕೇಳು ಎನ್ನುತ್ತದೆ ಕಾನೂನು, ಬರುವ ದಾರಿಯನ್ನು ಮಾತ್ರ ಕಳ್ಳಸಾಗಣೆದಾರರ ಕೈಗೆ ಬಿಟ್ಟುಬಿಡುತ್ತದೆ. 2025ರ ಜನವರಿಯಲ್ಲಿ ಅಮೆರಿಕ ತನ್ನ ದಕ್ಷಿಣ ಗಡಿಯಲ್ಲಿ ಆಶ್ರಯ ಕೇಳುವ ಅವಕಾಶವನ್ನೂ ತಡೆಯಿತು.

ಹೇಗೋ ತಲುಪಿದವಳನ್ನು ಅಧಿಕಾರಿ ಕೇಳುವುದು ತವರಿನಲ್ಲಿ ಏನಾಯಿತೆಂದು. ಕಾಡಿನಲ್ಲಿ ಆದದ್ದು ಆಶ್ರಯಕ್ಕೆ ಆಧಾರವಾಗುವುದಿಲ್ಲ, ಅದು ಅವಳ ದೇಶದಲ್ಲಿ ನಡೆದದ್ದಲ್ಲವಲ್ಲ! 1951ರ ನಿರಾಶ್ರಿತರ ಒಪ್ಪಂದ ಹೇಳುವ ಐದು ಕಾರಣಗಳಲ್ಲಿ ಹೆಣ್ಣಾಗಿರುವುದು ಒಂದು ಕಾರಣವಾಗಿ ಸೇರಿಲ್ಲ. ಅವಳ ವಕೀಲರು ಅದನ್ನು ಆ ಐದರಲ್ಲೊಂದಾದ ‘ಸಾಮಾಜಿಕ ಗುಂಪು’ ಎಂಬ ಮಾತಿನೊಳಗೆ ಹೇಗಾದರೂ ತುರುಕಬೇಕು.

ಸ್ವಿಟ್ಜರ್ಲೆಂಡ್ 2012ರವರೆಗೂ ಹೊರದೇಶಗಳಲ್ಲಿರುವ ತನ್ನ ರಾಯಭಾರ ಕಚೇರಿಗಳಲ್ಲೇ ಆಶ್ರಯದ ಅರ್ಜಿ ತೆಗೆದುಕೊಳ್ಳುತ್ತಿತ್ತು. ಕಾಡು ದಾಟಬೇಕಿರಲಿಲ್ಲ, ಯಾರ ಕೈಕಾಲು ಹಿಡಿಯಬೇಕಿರಲಿಲ್ಲ. ಆಮೇಲೆ ಅದನ್ನು ರದ್ದು ಮಾಡಿದರು. ಆ ಕಿಟಕಿಯನ್ನು ಮತ್ತೆ ತೆರೆಯಬೇಕು, ಶ್ರೀಮಂತ ದೇಶಗಳೆಲ್ಲ ತೆರೆಯಬೇಕು ಎಂದು ಕೇಳುತ್ತಿದ್ದೇನೆ.