ಸ್ಪಷ್ಟನೆ: ನುಂಗಿದ ಬಟನ್ ಸೆಲ್ ತಾನಾಗಿ ಹೊರಬರಲೆಂದು ಕಾಯುವಂತಿಲ್ಲ

“ಮಗು ಬಟನ್ ಸೆಲ್ ನುಂಗಿದರೆ ಬಾಳೆಹಣ್ಣು ತಿನ್ನಿಸಿ, ಮಲದಲ್ಲಿ ಹೋಗುತ್ತದೆ; ಹಳೆಯ ಸೆಲ್ಲಾದರೆ ಅಪಾಯವೇ ಇಲ್ಲ” ಎಂಬ ಸಂದೇಶ ಹರಿದಾಡುತ್ತಿದೆ. ಹೊಟ್ಟೆಗಿಳಿದ ಸಣ್ಣ ಸೆಲ್ ಸಾಮಾನ್ಯವಾಗಿ ಹೊರಬರುವುದು ನಿಜ. ಆದರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಈ ಸಲಹೆ ಪ್ರಾಣಕ್ಕೇ ಕುತ್ತು.

ಅಲ್ಲಿ ಸುಡುವುದು ಮುಖ್ಯವಾಗಿ ಸೋರಿದ ರಾಸಾಯನಿಕವಲ್ಲ. ಒದ್ದೆ ಅಂಗಾಂಶದ ಮೂಲಕ ವಿದ್ಯುತ್ ಹರಿದು, ಸೆಲ್ಲಿನ ಋಣ (ಮೈನಸ್) ಬದಿಯ ಬಳಿ ತೀವ್ರ ಕ್ಷಾರ ಹುಟ್ಟುತ್ತದೆ. 20 ಮಿ.ಮೀ. ಅಗಲದ, 3 ವೋಲ್ಟ್‌ನ ಲಿಥಿಯಂ ಸೆಲ್ 2 ಗಂಟೆಯೊಳಗೇ ಗಂಭೀರ ಗಾಯ ಮಾಡಬಲ್ಲದು. ರಿಮೋಟ್ ನಡೆಸಲಾರದ ‘ಸತ್ತ’ ಸೆಲ್ಲಿನಲ್ಲೂ ಇಷ್ಟಕ್ಕೆ ಬೇಕಾದ ವೋಲ್ಟೇಜ್ ಉಳಿದಿರುತ್ತದೆ.

ವಾಂತಿ ಮಾಡಿಸಬೇಡಿ, ಊಟ ಕೊಡಬೇಡಿ. ನುಂಗಿ 12 ಗಂಟೆ ಮೀರಿರದಿದ್ದರೆ, ಮಗುವಿಗೆ 1 ವರ್ಷ ತುಂಬಿದ್ದು ನುಂಗಲು ಆಗುತ್ತಿದ್ದರೆ, ಆಸ್ಪತ್ರೆಯ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ 10 ಮಿ.ಲೀ. ಜೇನುತುಪ್ಪ ಕೊಡಬಹುದು, ಹೆಚ್ಚೆಂದರೆ 6 ಬಾರಿ. ಇದು ಸುಡುವಿಕೆಯನ್ನು ನಿಧಾನಿಸುತ್ತದಷ್ಟೇ. ಜೇನಿಗಾಗಿ ಹೊರಡುವುದು ತಡವಾಗಬಾರದು.

ಎಕ್ಸ್-ರೇಯಲ್ಲಿ ಸೆಲ್ಲನ್ನು ನಾಣ್ಯವೆಂದು ತಪ್ಪಾಗಿ ತಿಳಿಯುವುದುಂಟು. ಅಂಚಿನ ಜೋಡಿ ಉಂಗುರ, ಪಕ್ಕದಿಂದ ತೆಗೆದ ಚಿತ್ರದಲ್ಲಿ ಕಾಣುವ ಮೆಟ್ಟಿಲಿನಂಥ ಅಂಚು ಸೆಲ್ಲಿನ ಗುರುತು. ಎಂಡೋಸ್ಕೋಪಿಯಲ್ಲಿ (ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ) ಹೊರತೆಗೆದ ಮೇಲೂ ಗಾಯ ಆಳಕ್ಕಿಳಿಯುತ್ತದೆ: ಶ್ವಾಸನಾಳಕ್ಕೆ ತೂತು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯಿಂದ ರಕ್ತಸ್ರಾವ ವಾರಗಳ ನಂತರವೂ ಕಾಣಿಸಬಹುದು. ಆಗ ಸ್ವಲ್ಪವೇ ರಕ್ತ ವಾಂತಿಯಾದರೂ, ಮಲ ಕಪ್ಪಾದರೂ ತುರ್ತು ಎಂದೇ ತಿಳಿಯಬೇಕು.