ಸತ್ಯಾಂಶ: ಕೆಲಸ ಹೋಗುವ ಭಯದಿಂದ ಆರೈಕೆ ಸುಧಾರಿಸುವುದೇ?

ಕೆಲಸ ಹೋಗುವ ಭಯವಿದ್ದರಷ್ಟೇ ಆಸ್ಪತ್ರೆಯ ಸಿಬ್ಬಂದಿ ರೋಗಿಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬ ವಾಟ್ಸ್‌ಆ್ಯಪ್ ಸಂದೇಶ ಕೊಡಗಿನಲ್ಲೂ ಹರಿದಾಡುತ್ತಿದೆ, ಅದು ಸರಿಯಲ್ಲ. ಸಂಸ್ಥೆಯ ಬಗ್ಗೆ ನೌಕರರಿಗಿರುವ ಬದ್ಧತೆಯನ್ನು ಮನಶ್ಶಾಸ್ತ್ರಜ್ಞರಾದ ಜಾನ್ ಮೇಯರ್ ಮತ್ತು ನಟಾಲಿ ಆಲೆನ್ 1991ರಲ್ಲಿ ಮೂರಾಗಿ ವಿಂಗಡಿಸಿದರು: ಮನಸಾರೆ ಉಳಿಯುವುದು, ಕರ್ತವ್ಯವೆಂದು ಉಳಿಯುವುದು, ಬಿಟ್ಟರೆ ನಷ್ಟವೆಂದು ಉಳಿಯುವುದು. ಒಳ್ಳೆಯ ಕೆಲಸದೊಂದಿಗೆ ಹೆಚ್ಚು ಗಟ್ಟಿಯಾಗಿ ಬೆಸೆದುಕೊಂಡಿರುವುದು ಮೊದಲನೆಯದು. ಕೊನೆಯದಕ್ಕೆ ಅಂತಹ ನಂಟಿಲ್ಲ. ಮಳೆಗಾಲದಲ್ಲಿ ಕಾಫಿ ತೋಟದ ಕಾರ್ಮಿಕರ ಲೈನ್‌ಮನೆಗಳವರೆಗೆ ನಡೆದು ಬಾಣಂತಿಯರನ್ನು ವಿಚಾರಿಸುವ ಆಶಾ ಕಾರ್ಯಕರ್ತೆ ವರ್ಷಗಟ್ಟಲೆ ಅದೇ ಕೆಲಸದಲ್ಲಿ ಉಳಿದಾಗ, ಯಾರಿಗೆ ರಕ್ತದೊತ್ತಡವಿದೆ, ಯಾರು ಮಾತ್ರೆ ನಿಲ್ಲಿಸಿದ್ದಾರೆ ಎಂಬುದು ಆಕೆಗೆ ತಿಳಿದಿರುತ್ತದೆ. ಆಕೆ ಕೆಲಸ ಬಿಟ್ಟರೆ ಆ ತಿಳಿವಳಿಕೆ ಯಾವ ಕಡತದಲ್ಲೂ ಪೂರ್ತಿಯಾಗಿ ಸಿಗುವುದಿಲ್ಲ. ಭಯದ ವಾತಾವರಣದಲ್ಲಿಯಾದರೋ, ಔಷಧ ನೀಡುವಲ್ಲಿ ಆದ ತಪ್ಪನ್ನು ಮುಚ್ಚಿಡುವ ಸಾಧ್ಯತೆಯೇ ಹೆಚ್ಚು. ಹಾಗೆಂದು ಬದ್ಧತೆಯೊಂದೇ ಸಾಲದು. ಸಿಬ್ಬಂದಿಯ ಕೊರತೆಯಿರುವ ವಾರ್ಡಿನಲ್ಲಿ ಎಷ್ಟೇ ಮನಸ್ಸಿದ್ದರೂ ಆರೈಕೆ ಸೊರಗುತ್ತದೆ.